ಜಠರದಲ್ಲಿ ಸಿಕ್ಕ ಕ್ಯಾನ್ಸರ್ ಜಠರದ್ದೇ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು? ಅಮ್ಮನ ಬಯಾಪ್ಸಿ ವರದಿಯ ಬಗ್ಗೆ ಸಲಹೆ ಬೇಕು

ಮಲ್ಲಂದೂರಿನವಳು (ಸೋಮವಾರ, ರಾತ್ರಿ 9.20)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ತಾಲ್ಲೂಕಿನವಳು. ನನ್ನ ಅಮ್ಮನಿಗೆ ಈಗ 64 ವರ್ಷ. ನಾಲ್ಕು ತಿಂಗಳಿಂದ ಅವರಿಗೆ ಊಟ ಸೇರುತ್ತಿಲ್ಲ. ಹಸಿವೇ ಇಲ್ಲವೆಂದಲ್ಲ, ಹಸಿದು ಬಂದು ಕುಳಿತವರು ಅರ್ಧ ಅಕ್ಕಿರೊಟ್ಟಿ ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿತೆಂದು ತಟ್ಟೆ ಸರಿಸುತ್ತಾರೆ. ನಮ್ಮ ಕಡೆ ಹೊಟ್ಟೆಯ ಸಕಲ ತೊಂದರೆಗೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿರುವುದರಿಂದ, ಬೆಳಿಗ್ಗೆ ಬರಿಹೊಟ್ಟೆಗೆ ಪ್ಯಾಂಟೊಪ್ರಜೋಲ್ ಮಾತ್ರೆ ಕೊಡುತ್ತಾ, ಸಂಜೆ ಜೀರಿಗೆ ಕಷಾಯ ಕುಡಿಸುತ್ತಾ ಮೊದಲ ಎರಡು ತಿಂಗಳು ಕಳೆದುಬಿಟ್ಟೆವು. ತೂಕ 9 ಕಿಲೋ ಇಳಿದ ಮೇಲೆ ಎಂಡೋಸ್ಕೋಪಿ ಮಾಡಿಸಿದೆವು.

ಜಠರದ ನಡುಭಾಗದ ಮಡಿಕೆಗಳು ದಪ್ಪವಾಗಿವೆ, ಗಾಳಿ ತುಂಬಿದರೂ ಜಠರ ಸರಿಯಾಗಿ ಹಿಗ್ಗುತ್ತಿಲ್ಲ, ಒಳಪೊರೆಯ ಮೇಲೆ ಹುಣ್ಣು ಕಾಣುತ್ತಿಲ್ಲ ಎಂದು ಅದರ ವರದಿ ಹೇಳುತ್ತದೆ. ಆಗ ತೆಗೆದ ತುಣುಕುಗಳಲ್ಲಿ ಉರಿಯೂತ ಬಿಟ್ಟು ಬೇರೇನೂ ಸಿಗಲಿಲ್ಲ. ಮೂರು ವಾರದ ನಂತರ ಬೇರೊಂದು ಆಸ್ಪತ್ರೆಯಲ್ಲಿ ಮತ್ತೆ ಬಯಾಪ್ಸಿ ಮಾಡಿದಾಗ ‘ಪೂರ್ಲಿ ಕೊಹೆಸಿವ್ ಕಾರ್ಸಿನೋಮಾ, ಸಿಗ್ನೆಟ್ ರಿಂಗ್ ಕೋಶಗಳಿವೆ’ ಎಂದು ಬಂತು, ಅಂದರೆ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳದ ಬಗೆಯ ಕ್ಯಾನ್ಸರಂತೆ. ಇದು ಜಠರದ ಕ್ಯಾನ್ಸರ್, ಕೆಲವು ಸುತ್ತು ಕೀಮೋ ಕೊಟ್ಟು ಆಮೇಲೆ ಜಠರವನ್ನು ಪೂರ್ತಿ ತೆಗೆಯಬೇಕಾಗುತ್ತದೆ ಎಂದು ಅಲ್ಲಿಯ ಶಸ್ತ್ರಚಿಕಿತ್ಸಕರು ಹೇಳಿದ್ದಾರೆ. ಮುಂದಿನ ವಾರ ದಾಖಲಾಗಬೇಕು.

ನನ್ನನ್ನು ಕೊರೆಯುತ್ತಿರುವ ವಿಷಯ ಬೇರೆ. 2013ರಲ್ಲಿ ಅಮ್ಮನ ಎಡಸ್ತನಕ್ಕೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಗಿತ್ತು. ಐದು ವರ್ಷ ಮಾತ್ರೆ ನುಂಗಿ, 2018ರಲ್ಲಿ ‘ಇನ್ನು ಬೇಡ’ ಎಂದರು. ಅದನ್ನು ಈ ಸಲ ಎರಡೂ ಕಡೆ ಯಾರೂ ಕೇಳಲಿಲ್ಲ. ವಾಸಿಯಾದ ಕಾಯಿಲೆಯೆಂದು ನಾವೂ ಹೇಳಲಿಲ್ಲ. ಬಯಾಪ್ಸಿಯ ಚೀಟಿಯಲ್ಲಿ ‘ಹೊಟ್ಟೆ ಉಬ್ಬರ, ತೂಕ ಇಳಿಕೆ’ ಎಂದಷ್ಟೇ ಇದೆ. ಇವೆರಡಕ್ಕೂ ಸಂಬಂಧ ಇರಬಹುದೇ?

ಸ್ಲೈಡ್‌ನೋಟ (ಸೋಮವಾರ, ರಾತ್ರಿ 10.45)

ನಾನು ಹಾಸನದಲ್ಲಿ ಪ್ಯಾಥಾಲಜಿ ಕೆಲಸ ಮಾಡುವವಳು. ಸ್ಲೈಡ್ ನೋಡದೆ ನಿಮ್ಮ ತಾಯಿಯವರ ಕಾಯಿಲೆ ಇಂಥದ್ದೇ ಎಂದು ಹೇಳಿದರೆ ತಪ್ಪಾಗುತ್ತದೆ. ಆದರೆ ನೀವು ಕೊನೆಯ ಪ್ಯಾರಾದಲ್ಲಿ ಬರೆದ ಮಾತು ಆ ಚೀಟಿಯ ಮೊದಲ ಸಾಲಿನಲ್ಲಿ ಇರಬೇಕಿತ್ತು ಎನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಬೇರೆ ಅಂಗದ ಕ್ಯಾನ್ಸರ್ ಜಠರಕ್ಕೆ ಹರಡುವುದು ಅಪರೂಪ. ಜಪಾನಿನ ತಜ್ಞರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮರಣೋತ್ತರ ಪರೀಕ್ಷೆಯ 6,380 ಪ್ರಕರಣಗಳ ಪೈಕಿ 347ರಲ್ಲಿ, ಅಂದರೆ ಶೇಕಡ 5.4ರಷ್ಟರಲ್ಲಿ, ಜಠರದಲ್ಲಿ ಹೀಗೆ ಹರಡಿ ಬಂದ ಗಂಟುಗಳು ಸಿಕ್ಕಿದ್ದವು. ಬದುಕಿರುವಾಗ ಎಂಡೋಸ್ಕೋಪಿಯಲ್ಲಿ ಕಣ್ಣಿಗೆ ಬೀಳುವುದು ಇನ್ನೂ ಕಡಿಮೆ. ಹೀಗೆ ಬರುವವುಗಳಲ್ಲಿ ಸ್ತನ, ಶ್ವಾಸಕೋಶ, ಅನ್ನನಾಳ, ಮೂತ್ರಪಿಂಡದ ಕ್ಯಾನ್ಸರ್‌ಗಳು ಮತ್ತು ಚರ್ಮದ ಮೆಲನೋಮಾ ಮುಖ್ಯವಾದವು. ಪಕ್ಕದ ಮೇದೋಜೀರಕ ಗ್ರಂಥಿಯಿಂದಲೋ ದೊಡ್ಡ ಕರುಳಿನಿಂದಲೋ ನೇರವಾಗಿ ಗೋಡೆ ಕೊರೆದುಕೊಂಡು ಬರುವುದು ಬೇರೆ ಲೆಕ್ಕ.

ಈಗ ನನಗೆ ಒಂದೇ ಮಾಹಿತಿ ಬೇಕು. 2013ರ ವರದಿಯಲ್ಲಿ ಸ್ತನದ ಕ್ಯಾನ್ಸರಿನ ಬಗೆ ಯಾವುದೆಂದು ಬರೆದಿದೆ, ಡಕ್ಟಲ್ (ಹಾಲಿನ ನಾಳದ ಬಗೆ) ಎಂದೋ, ಲಾಬ್ಯುಲಾರ್ (ಹಾಲು ತಯಾರಾಗುವ ಗ್ರಂಥಿಯ ಬಗೆ) ಎಂದೋ?

ಮಲ್ಲಂದೂರಿನವಳು (ಮಂಗಳವಾರ, ಬೆಳಿಗ್ಗೆ 6.50)

ಡಾಕ್ಟರ್ ಮೇಡಂ, ರಾತ್ರಿಯೇ ಅಟ್ಟ ಹತ್ತಿ ಟ್ರಂಕು ಇಳಿಸಿದೆ. ಹಳೆಯ ಪಾಸ್‌ಬುಕ್ಕು, ಕಂದಾಯದ ರಸೀದಿಗಳ ನಡುವೆ ಒಂದು ಬಟ್ಟೆಯಂಗಡಿಯ ಚೀಲದಲ್ಲಿ ಆ ಫೈಲು ಸಿಕ್ಕಿತು. ಮೇಲಿನ ಎರಡು ಹಾಳೆಗಳನ್ನು ಗೆದ್ದಲು ತಿಂದಿದೆ, ಪ್ಯಾಥಾಲಜಿ ವರದಿ ಪುಣ್ಯಕ್ಕೆ ಉಳಿದಿದೆ. ಅದರಲ್ಲಿ ಹೀಗಿದೆ: ‘ಇನ್ವೇಸಿವ್ ಲಾಬ್ಯುಲಾರ್ ಕಾರ್ಸಿನೋಮಾ. ಕಂಕುಳಿನ 11 ಗ್ರಂಥಿಗಳಲ್ಲಿ 2ರಲ್ಲಿ ಇದೆ. ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್2 ನೆಗೆಟಿವ್.’ ಕೆಳಗೆ ಬ್ಲಾಕ್ ಸಂಖ್ಯೆಯೂ ಇದೆ.

ಸ್ಲೈಡ್‌ನೋಟ (ಮಂಗಳವಾರ, ಮಧ್ಯಾಹ್ನ 2.10)

ಲಾಬ್ಯುಲಾರ್ ಎಂಬ ಆ ಒಂದು ಪದಕ್ಕಾಗಿಯೇ ನಾನು ಕಾಯುತ್ತಿದ್ದೆ. (ವರದಿಯಲ್ಲಿರುವ ಇಆರ್, ಪಿಆರ್ ಎಂದರೆ ಕೋಶದಲ್ಲಿ ಹಾರ್ಮೋನು ಹಿಡಿಯುವ ಗ್ರಾಹಿಗಳು, ಹರ್2 ಕೋಶದ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನು.) ಸ್ತನದ ಕ್ಯಾನ್ಸರುಗಳಲ್ಲಿ ಈ ಬಗೆಯದು ಶೇಕಡ 10ರಿಂದ 15ರಷ್ಟಿದ್ದರೂ, ಸ್ತನದಿಂದ ಜಠರಕ್ಕೆ ಬರುವವುಗಳಲ್ಲಿ ಇದರದೇ ಮೇಲುಗೈ. ಮೂಳೆಗೆ ಎಲ್ಲ ಬಗೆಯೂ ಹೋಗುತ್ತವೆ. ಆದರೆ ಜಠರ, ಕರುಳು, ಅಂಡಾಶಯ, ಹೊಟ್ಟೆಯ ಒಳಹೊದಿಕೆ ಇವುಗಳನ್ನು ಹುಡುಕಿಕೊಂಡು ಹೋಗುವ ಗುಣ ಲಾಬ್ಯುಲಾರ್‌ಗೆ ವಿಶೇಷವಾಗಿ ಇದೆ. ಐದಾರು ವರ್ಷಗಳ ನಂತರ ಕಾಣಿಸಿಕೊಳ್ಳುವುದು ಸಾಮಾನ್ಯ, ಇಪ್ಪತ್ತು ವರ್ಷ ದಾಟಿದ ಮೇಲೆ ಬಂದದ್ದೂ ದಾಖಲಾಗಿದೆ.

ಇದು ಕಣ್ಣಿಗೆ ಮಣ್ಣೆರಚುವುದು ಹೇಗೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಈ ಕ್ಯಾನ್ಸರಿನಲ್ಲಿ ಇಲ್ಲವಾಗಿರುತ್ತದೆ. ಆದ್ದರಿಂದ ಕೋಶಗಳು ಗುಂಪುಕಟ್ಟಿ ಗಂಟಾಗುವುದರ ಬದಲು ಬಿಡಿಬಿಡಿಯಾಗಿ, ಇರುವೆ ಸಾಲಿನಂತೆ ಒಂದರ ಹಿಂದೊಂದು ನುಸುಳುತ್ತವೆ. ಜಠರದ ಒಳಪೊರೆ ಮೇಲೆ ನೆಟ್ಟಗೇ ಇರುತ್ತದೆ, ಅದರ ಅಡಿಯಲ್ಲಿ ಗೋಡೆ ಮಾತ್ರ ದಪ್ಪವಾಗಿ ಬಿಗಿಯುತ್ತಾ ಜಠರ ಒಣಗಿದ ತೊಗಲು ಚೀಲದಂತಾಗುತ್ತದೆ. ಹಿಗ್ಗದ ಚೀಲದಲ್ಲಿ ಅರ್ಧ ರೊಟ್ಟಿಗಿಂತ ಹೆಚ್ಚು ಹಿಡಿಯದು. ಜಠರದಲ್ಲಿಯೇ ಹುಟ್ಟುವ ಡಿಫ್ಯೂಸ್ ಬಗೆಯ ಕ್ಯಾನ್ಸರೂ ಥೇಟ್ ಹೀಗೆಯೇ ಮಾಡುತ್ತದೆ, ಅದರಲ್ಲಿಯೂ ಇ-ಕ್ಯಾಡ್‌ಹೆರಿನ್ ಇಲ್ಲವಾಗಿರುವುದು ಸಾಮಾನ್ಯ. ಇಷ್ಟು ಸಾಲದೆಂಬಂತೆ, ಒಳಗೆ ಲೋಳೆ ತುಂಬಿ ಕೋಶಕೇಂದ್ರ ಒಂದು ಅಂಚಿಗೆ ಒತ್ತಿ ಮುದ್ರೆಯುಂಗುರದ ಹಾಗೆ ಕಾಣುವ ಸಿಗ್ನೆಟ್ ರಿಂಗ್ ಕೋಶಗಳು ಎರಡರಲ್ಲೂ ಇರಬಹುದು. ಸೂಕ್ಷ್ಮದರ್ಶಕದ ಕೆಳಗೆ ಸಾಧಾರಣ ಬಣ್ಣದಲ್ಲಿ ನೋಡಿದರೆ ಅವಳಿಜವಳಿಗಳಂತೆ ಇರುತ್ತವೆ. ಹಿಂದಿನ ಕ್ಯಾನ್ಸರಿನ ಮಾತೇ ಇಲ್ಲದ ಚೀಟಿಯೊಂದಿಗೆ ಆ ತುಣುಕು ನನ್ನ ಮೇಜಿಗೆ ಬಂದಿದ್ದರೆ ನಾನೂ ಅದೇ ವರದಿ ಬರೆಯುತ್ತಿದ್ದೆನೇನೋ.

ಬಿಡಿಸುವ ದಾರಿ ಐಎಚ್‌ಸಿ ಎಂಬ ಪರೀಕ್ಷೆ. ಕೋಶದೊಳಗಿನ ಒಂದೊಂದು ಪ್ರೋಟೀನನ್ನೂ ಪ್ರತಿಕಾಯಗಳ ಮೂಲಕ ಗುರುತಿಸಿ ಕಂದು ಬಣ್ಣ ಬರುವಂತೆ ಮಾಡುವ ವಿಧಾನ ಅದು. ಗಾಟಾ-3, ಈಸ್ಟ್ರೋಜೆನ್ ಗ್ರಾಹಿ ಅಂದರೆ ಇಆರ್, ಜಿಸಿಡಿಎಫ್‌ಪಿ-15, ಮಮ್ಮಾಗ್ಲೋಬಿನ್ ಇವು ಸ್ತನದ ಕಡೆ ಬೆರಳು ತೋರುತ್ತವೆ. ಸಿಡಿಎಕ್ಸ್-2 ಮತ್ತು ಸಿಕೆ-20 ಜಠರ-ಕರುಳಿನ ಕಡೆ ತೋರುತ್ತವೆ. ಇವುಗಳಲ್ಲಿ ಯಾವುದೊಂದನ್ನೂ ಒಂಟಿಯಾಗಿ ನಂಬಬಾರದು. ಜಠರದ ಕ್ಯಾನ್ಸರಿನಲ್ಲೂ ಒಮ್ಮೊಮ್ಮೆ ಇಆರ್ ಬಣ್ಣ ಹಿಡಿಯುತ್ತದೆ, ಡಿಫ್ಯೂಸ್ ಬಗೆಯಲ್ಲಿ ಸಿಡಿಎಕ್ಸ್-2 ಹಿಡಿಯದೆಯೂ ಇರಬಹುದು. ಲೋಳೆಯ ಬಣ್ಣ ಪರೀಕ್ಷೆಯಿಂದಲೂ ಇ-ಕ್ಯಾಡ್‌ಹೆರಿನ್ ಪರೀಕ್ಷೆಯಿಂದಲೂ ಇಲ್ಲಿ ಪ್ರಯೋಜನ ಕಡಿಮೆ.

ಆದ್ದರಿಂದ ನಾಳೆಯೇ ಹೋಗಿ ಆ ವರದಿ ಬರೆದ ವೈದ್ಯರಿಗೆ 2013ರ ಹಾಳೆ ತೋರಿಸಿ, ಇರುವ ಬ್ಲಾಕಿನ, ಅಂದರೆ ಮೇಣದಲ್ಲಿ ಹೂತಿಟ್ಟ ತುಣುಕಿನ, ಮೇಲೆಯೇ ಐಎಚ್‌ಸಿ ಮಾಡಲು ಕೇಳಿ. ತುಣುಕು ಸಾಸಿವೆ ಕಾಳಿನಷ್ಟು, ಹೆಚ್ಚೆಂದರೆ ಅದರ ಎರಡರಷ್ಟು. ಇಪ್ಪತ್ತು ಪರೀಕ್ಷೆ ಒಟ್ಟಿಗೆ ಮಾಡಹೊರಟರೆ ಅಂಗಾಂಶವೇ ಮುಗಿದುಹೋಗುತ್ತದೆ. ಮೊದಲು ಮೂರು ನಾಲ್ಕು, ಉಳಿದದ್ದು ಆಮೇಲೆ.

ಅರಸೀಕೆರೆ ಮೇಷ್ಟ್ರು (ಮಂಗಳವಾರ, ಸಂಜೆ 5.30)

ನಾನು ನಿವೃತ್ತ ಜೀವಶಾಸ್ತ್ರ ಅಧ್ಯಾಪಕ. ತಂಗಿಗೆ ಧೈರ್ಯ ಹೇಳುವುದರ ಜೊತೆಗೆ ಡಾಕ್ಟರರಲ್ಲಿ ಒಂದು ಸಂದೇಹ ಕೇಳಬೇಕೆನಿಸಿತು. ಕ್ಯಾನ್ಸರ್ ಈಗ ಇರುವುದು ಜಠರದಲ್ಲಿ. ಎಲ್ಲಿಂದ ಬಂದಿದ್ದರೇನು, ತೊಂದರೆ ಕೊಡುತ್ತಿರುವ ಜಠರವನ್ನು ತೆಗೆದುಹಾಕಿದರೆ ಎರಡೂ ಬಗೆಗೆ ಪರಿಹಾರವಾಗುವುದಿಲ್ಲವೇ? ವಾರಗಟ್ಟಲೆ ಪರೀಕ್ಷೆಗಳಲ್ಲಿ ಕಳೆಯುವುದು ಅಪಾಯವಲ್ಲವೇ?

ಸ್ಲೈಡ್‌ನೋಟ (ಮಂಗಳವಾರ, ರಾತ್ರಿ 9.05)

ಮೇಷ್ಟ್ರೇ, ಸ್ಟೀಫನ್ ಪೇಜೆಟ್ ಎಂಬ ಇಂಗ್ಲಿಷ್ ಶಸ್ತ್ರಚಿಕಿತ್ಸಕರು 1889ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ನೋಡಿ, ಕ್ಯಾನ್ಸರ್ ಎಲ್ಲೆಂದರಲ್ಲಿ ಹರಡುವುದಿಲ್ಲ, ಬೀಜಕ್ಕೆ ತಕ್ಕ ಮಣ್ಣು ಬೇಕು ಎಂದು ಬರೆದದ್ದನ್ನು ನೀವು ಬಲ್ಲಿರಿ. ಬಿದ್ದ ಮಣ್ಣು ಜಠರದ್ದಾದರೂ ಬೀಜ ಸ್ತನದ್ದೇ. ಔಷಧಿಗೆ ಬಗ್ಗುವುದೂ ಬೀಜದ ಗುಣದ ಮೇಲೆಯೇ. ಜಠರದ ಸ್ವಂತ ಕ್ಯಾನ್ಸರಾಗಿದ್ದು ಬೇರೆಡೆ ಹರಡಿರದಿದ್ದರೆ ಜಠರ ತೆಗೆಯುವುದೇ ಗುಣವಾಗುವ ದಾರಿ. ಸ್ತನದಿಂದ ಬಂದದ್ದಾದರೆ ಅದು ರಕ್ತದಲ್ಲಿ ಸಂಚರಿಸಿ ಬಂದಿರುವುದರಿಂದ ಬೇರೆ ಕಡೆಯೂ ಇರುವ ಸಂಭವ ಹೆಚ್ಚು. ಆಗ ಜಠರ ತೆಗೆದರೆ ರೋಗಿ ಊಟ ಕಳೆದುಕೊಳ್ಳುತ್ತಾರೆ, ಕಾಯಿಲೆ ಉಳಿಯುತ್ತದೆ. ರಕ್ತಸ್ರಾವ ನಿಲ್ಲದಿದ್ದರೆ, ದಾರಿ ಕಟ್ಟಿಕೊಂಡರೆ, ತೂತು ಬಿದ್ದರೆ ಮಾತ್ರ ಕತ್ತಿ ಹಿಡಿಯುವ ಮಾತು ಬರುತ್ತದೆ. ಉಳಿದಂತೆ ಹಾರ್ಮೋನು ಮಾತ್ರೆಗಳ ಚಿಕಿತ್ಸೆ. ಐಎಚ್‌ಸಿಗೆ ಹಿಡಿಯುವುದು ಸಾಮಾನ್ಯವಾಗಿ ಒಂದು ವಾರದ ಆಸುಪಾಸು. ಮರಳಿ ಜೋಡಿಸಲಾಗದ ಶಸ್ತ್ರಚಿಕಿತ್ಸೆಯ ಮುಂದೆ ಅದು ದೊಡ್ಡ ವಿಳಂಬವೇನಲ್ಲ.

ಕಡೂರಿನ ಅಣ್ಣ (ಮಂಗಳವಾರ, ರಾತ್ರಿ 9.40)

ನಮ್ಮ ಚಿಕ್ಕಪ್ಪನಿಗೆ ಹೀಗೆಯೇ ಪದೇ ಪದೇ ತುಣುಕು ತೆಗೆದು ಕಾಯಿಲೆ ಕೆದಕಿದಂತಾಯಿತು. ಮುಟ್ಟದೆ ಬಿಟ್ಟಿದ್ದರೆ ಇನ್ನೂ ಎರಡು ವರ್ಷ ಇರುತ್ತಿದ್ದರು. ಎಚ್ಚರಿಕೆಯಿಂದಿರಿ.

ದುರ್ಬೀನು (ಮಂಗಳವಾರ, ರಾತ್ರಿ 11.15)

ಅಣ್ಣಾವ್ರೇ, ನಿಮ್ಮ ಮನೆಯ ನೋವು ಅರ್ಥವಾಗುತ್ತದೆ. ಆದರೆ ಎಂಡೋಸ್ಕೋಪಿಯಲ್ಲಿ ತುಣುಕು ತೆಗೆದದ್ದರಿಂದ ಕ್ಯಾನ್ಸರ್ ಕೆದಕಿ ಹರಡುತ್ತದೆ ಎಂಬುದು ನಿಜವಲ್ಲ. ಕಾಯಿಲೆ ಮುಂದುವರಿದಿರುವಾಗಲೇ ಬಯಾಪ್ಸಿ ನಡೆಯುವುದರಿಂದ, ಆಮೇಲೆ ಕಾಣುವ ಇಳಿಮುಖವನ್ನೆಲ್ಲ ಜನ ಬಯಾಪ್ಸಿಯ ತಲೆಗೆ ಕಟ್ಟುತ್ತಾರೆ.

ನಾನು ಎಂಡೋಸ್ಕೋಪಿ ಮಾಡುವವನು. ಮೊದಲ ಬಯಾಪ್ಸಿಯಲ್ಲಿ ಏನೂ ಸಿಗದಿದ್ದುದಕ್ಕೆ ಕಾರಣ ಹೇಳುತ್ತೇನೆ. ನಮ್ಮ ಇಕ್ಕುಳದ ಬಾಯಿ ಒಂದೆರಡು ಮಿಲಿಮೀಟರ್. ಅದು ಕಚ್ಚುವುದು ಮೇಲಿನ ಪೊರೆಯನ್ನು ಮಾತ್ರ. ಹೊರಗಿನಿಂದ ಬಂದ ಕ್ಯಾನ್ಸರ್ ಕುಳಿತಿರುವುದು ಸಾಮಾನ್ಯವಾಗಿ ಅದರ ಅಡಿಯಲ್ಲಿ. ಹಾಗಾಗಿ ಒಮ್ಮೆ ಕಚ್ಚಿದ ಕುಳಿಯಲ್ಲಿಯೇ ಮತ್ತೆ ಕಚ್ಚಿ ಆಳಕ್ಕೆ ಇಳಿಯಬೇಕಾಗುತ್ತದೆ. ಅದಕ್ಕೂ ಸಿಗದಿದ್ದರೆ ಎಂಡೋಸ್ಕೋಪಿಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಉಪಕರಣದಿಂದ ಗೋಡೆಯ ಪದರಗಳನ್ನು ನೋಡಿ, ದಪ್ಪವಾದ ಪದರಕ್ಕೇ ಸೂಜಿ ಇಳಿಸಿ ತೆಗೆಯುತ್ತಾರೆ. ನಮ್ಮ ಜಿಲ್ಲೆಗಳಿಂದ ಅದಕ್ಕಾಗಿ ಬಹುಮಟ್ಟಿಗೆ ಬೆಂಗಳೂರು, ಮಂಗಳೂರು ಅಥವಾ ಮಣಿಪಾಲಕ್ಕೆ ಕಳಿಸಬೇಕಾಗುತ್ತದೆ. ದಪ್ಪ ಮಡಿಕೆ, ಹಿಗ್ಗದ ಜಠರ, ಬಯಾಪ್ಸಿಯಲ್ಲಿ ಬರೀ ಉರಿಯೂತ, ಈ ಮೂರೂ ಕೂಡಿ ಬಂದರೆ ಆ ‘ಉರಿಯೂತ’ವನ್ನು ನಂಬಿ ಮನೆಗೆ ಹೋಗಬಾರದು.

ಎಲ್ಲವೂ ತೊಗಲು ಚೀಲದಂತೆಯೇ ಕಾಣುವುದಿಲ್ಲ. ಶ್ವಾಸಕೋಶದ್ದೋ ಮೆಲನೋಮಾದ್ದೋ ಆದರೆ ನಯವಾದ ಗುಬ್ಬಿಗಳು, ಅವುಗಳ ನೆತ್ತಿಯಲ್ಲಿ ಜ್ವಾಲಾಮುಖಿಯ ಬಾಯಿಯಂತೆ ಒಂದು ಕುಳಿ ಇರುವುದನ್ನು ನೋಡಬಹುದು. ಹಿಂದೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುತ್ತಿದ್ದ ಕಾಲದಲ್ಲಿ ಇದನ್ನು ಗೂಳಿಯ ಕಣ್ಣು ಎಂದು ಕರೆಯುತ್ತಿದ್ದರು. ಗುಂಪಾಗಿಯೇ ಇರಬೇಕೆಂದಿಲ್ಲ, ಒಂಟಿ ಗಂಟು ಕಂಡಾಕ್ಷಣ ‘ಇದು ಇಲ್ಲಿಯದೇ’ ಎಂದು ತೀರ್ಮಾನಿಸಿ ಪೇಚಿಗೆ ಸಿಕ್ಕವರಲ್ಲಿ ನಾನೂ ಒಬ್ಬ.

ಸಕಲೇಶಪುರದ ತೋಟದವ (ಬುಧವಾರ, ಬೆಳಿಗ್ಗೆ 8.00)

ದುರ್ಬೀನು ಸರ್, ನನ್ನ ತಂದೆಯವರ ವಿಷಯವನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ಅವರಿಗೆ 71 ವರ್ಷ. 12 ವರ್ಷದ ಹಿಂದೆ ಗಡ್ಡೆಯೆಂದು ಬಲಗಡೆಯ ಕಿಡ್ನಿ ತೆಗೆದಿದ್ದರು. ಈಗ ಒಂದು ತಿಂಗಳಿಂದ ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆ, ಹಿಮೋಗ್ಲೋಬಿನ್ 7ಕ್ಕೆ ಇಳಿದಿದೆ. ಜಠರದ ಮೇಲ್ಭಾಗದಲ್ಲಿ ಕೆಂಪಗಿನ ಒಂದೇ ಒಂದು ಪಾಲಿಪ್ ಇದೆಯಂತೆ. ಸಂತೆಗೆ ಹೋಗಿ ಬಂದಂತೆ ಹೋಗಿ ಬಯಾಪ್ಸಿ ಮಾಡಿಸಿಕೊಂಡು ಬನ್ನಿ ಎಂದಿದ್ದಾರೆ.

ಇನ್ನೊಂದು ಮಾತು. ಅರೇಬಿಕಾ ತೋಟದ ನಡುವೆ ರೊಬಸ್ಟಾ ಗಿಡ ಎದ್ದಿದ್ದರೆ ನಮ್ಮ ಆಳುಗಳು ಎಲೆಯ ಅಗಲ ನೋಡಿಯೇ ಹೇಳುತ್ತಾರೆ. ಇಷ್ಟು ದೊಡ್ಡ ಯಂತ್ರಗಳಿದ್ದೂ ಸ್ತನದ ಕೋಶ, ಜಠರದ ಕೋಶ ಎಂದು ನೋಡಿದ ಕೂಡಲೇ ತಿಳಿಯದೇ?

ದುರ್ಬೀನು (ಬುಧವಾರ, ಬೆಳಿಗ್ಗೆ 10.30)

ತಂದೆಯವರದು ಸಂತೆಗೆ ಹೋಗಿ ಬರುವ ಕೆಲಸವಲ್ಲ. ಕಿಡ್ನಿಯ ಕ್ಯಾನ್ಸರ್ ಹತ್ತು ವರ್ಷ ಕಳೆದ ಮೇಲೆಯೂ ಮರಳುವುದಕ್ಕೆ ಹೆಸರುವಾಸಿ. ಜಠರಕ್ಕೆ ಬಂದಾಗ ಒಂಟಿ ಪಾಲಿಪಿನಂತೆ ಕಾಣುವುದೂ, ರಕ್ತ ಸುರಿಸುವುದೂ ಅದರ ರೂಢಿ. ಅದಕ್ಕೆ ರಕ್ತನಾಳಗಳು ಹೇರಳ, ಕಚ್ಚಿದರೆ ಸೋರುತ್ತದೆ. ಹಿಮೋಗ್ಲೋಬಿನ್ 7 ಇರುವವರಿಗೆ ಮೊದಲು ರಕ್ತ ಹೊಂದಿಸಿಕೊಂಡು, ಆಸ್ಪಿರಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ರಕ್ತಸ್ರಾವ ನಿಲ್ಲಿಸುವ ಕ್ಲಿಪ್ಪು ಮೊದಲಾದವುಗಳ ಸಿದ್ಧತೆ ಇರುವಲ್ಲಿಯೇ ಮಾಡಿಸಬೇಕು. ಕಪ್ಪು ಮಲದೊಂದಿಗೆ ತಲೆಸುತ್ತು, ಬೆವರು ಬಂದರೆ ಬಯಾಪ್ಸಿಯ ದಿನಾಂಕಕ್ಕೆ ಕಾಯದೆ ಹಾಸನಕ್ಕೆ ಕರೆದೊಯ್ಯಿರಿ. ಚೀಟಿಯಲ್ಲಿ ‘12 ವರ್ಷದ ಹಿಂದೆ ಕಿಡ್ನಿ ತೆಗೆಯಲಾಗಿದೆ’ ಎಂದು ಬರೆಸದೆ ಹೊರಡಬೇಡಿ. ಒಂಟಿಯಾಗಿಯೇ ಇದ್ದರೆ ಅದನ್ನು ತೆಗೆಯುವುದರಿಂದ ಉಪಯೋಗವಾಗುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು, ಅದಕ್ಕಾಗಿ ಹೇಳಿದೆ.

ಸ್ಲೈಡ್‌ನೋಟ (ಬುಧವಾರ, ಮಧ್ಯಾಹ್ನ 1.20)

ತೋಟದವರ ಹೋಲಿಕೆ ಚೆನ್ನಾಗಿದೆ. ಕೋಶ ತನ್ನ ತವರಿನ ಚಹರೆ ಉಳಿಸಿಕೊಂಡಿದ್ದರೆ ನಾವೂ ಎಲೆ ನೋಡಿಯೇ ಹೇಳುತ್ತೇವೆ. ಆದರೆ ಬಲಿತ ಕ್ಯಾನ್ಸರ್ ಎಂದರೆ ಎಲೆ ಉದುರಿ ಬರೀ ಕಡ್ಡಿಯಾದ ಗಿಡ. ಆಗ ತೊಗಟೆ ಕೆರೆದು ನೋಡಬೇಕಾಗುತ್ತದೆ. ನಿಮ್ಮ ತಂದೆಯವರದು ಕಿಡ್ನಿಯ ಕ್ಲಿಯರ್ ಸೆಲ್ ಬಗೆಯಾಗಿದ್ದರೆ ಕೋಶಗಳು ಒಳಗೆ ಖಾಲಿಯಿದ್ದಂತೆ ಬೆಳ್ಳಗೆ ಕಾಣುತ್ತವೆ. ಅವುಗಳಲ್ಲಿದ್ದ ಕೊಬ್ಬು ಮತ್ತು ಗ್ಲೈಕೋಜನ್ ಸ್ಲೈಡ್ ತಯಾರಾಗುವಾಗ ಕರಗಿಹೋಗಿರುತ್ತದೆ. ಜಠರದಲ್ಲಿ ಕೊಬ್ಬು ತುಂಬಿದ ಕೋಶಗಳ ನಿರುಪದ್ರವಿ ಹಳದಿ ಚುಕ್ಕೆಯೂ ಹೀಗೆಯೇ ಕಂಡು ಮೋಸ ಮಾಡುವುದುಂಟು. ಪ್ಯಾಕ್ಸ್-8 ಎಂಬ ಪರೀಕ್ಷೆಯಲ್ಲಿ ಕಿಡ್ನಿಯ ಕೋಶ ಬಣ್ಣ ಹಿಡಿಯುತ್ತದೆ, ಜಠರದ್ದು ಹಿಡಿಯುವುದಿಲ್ಲ. ಶ್ವಾಸಕೋಶದ ಅಡಿನೋಕಾರ್ಸಿನೋಮಾ ಆದರೆ ಟಿಟಿಎಫ್-1 ಮತ್ತು ನ್ಯಾಪ್ಸಿನ್-ಎ, ಮೆಲನೋಮಾ ಆದರೆ ಸಾಕ್ಸ್-10, ಎಸ್-100, ಎಚ್‌ಎಂಬಿ-45. ಯಾವುದನ್ನು ಕೇಳಬೇಕೆಂದು ನಮಗೆ ಹೊಳೆಯುವುದೇ ಚೀಟಿಯಲ್ಲಿ ಬರೆದ ಹಳೆಯ ಕಥೆಯಿಂದ.

ರಾತ್ರಿಪಾಳಿ (ಬುಧವಾರ, ರಾತ್ರಿ 12.40)

ನಾನು ಶುಶ್ರೂಷಕಿ, ಊರು ಬೇಲೂರು. ಮೆಲನೋಮಾದ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಆಸ್ಪತ್ರೆಗೆ ರಕ್ತಹೀನತೆಯೆಂದು ಬಂದ ಒಬ್ಬ ಅಜ್ಜನ ಜಠರದಲ್ಲಿ ಕಪ್ಪು ನೆತ್ತಿಯ ಮೂರು ಗುಬ್ಬಿಗಳು ಕಂಡವು. ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರೆ ಮನೆಯವರೆಲ್ಲ ಇಲ್ಲವೆಂದರು. ರಾತ್ರಿ ಕಂಬಳಿ ಹೊದಿಸುವಾಗ ಅಜ್ಜನ ಎಡಗಾಲಿನ ಹೆಬ್ಬೆರಳು ಇಲ್ಲದ್ದು ನನ್ನ ಕಣ್ಣಿಗೆ ಬಿತ್ತು. ‘ಸಕ್ಕರೆ ಕಾಯಿಲೆಗೆ ತೆಗೆದದ್ದು’ ಎಂದರು ಮಗ. ಅಜ್ಜನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಉಗುರಿನ ಬುಡದಲ್ಲಿ ಕಪ್ಪು ಹುಣ್ಣಾಗಿತ್ತು, ಅದಕ್ಕೆ ತೆಗೆದರು ಎಂದು ಅಜ್ಜನೇ ನಿದ್ದೆಗಣ್ಣಿನಲ್ಲಿ ಹೇಳಿದರು. ನಮ್ಮ ಜನರಲ್ಲಿ ಮೆಲನೋಮಾ ಬರುವುದೇ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಎಂದು ಮರುದಿನ ನಮ್ಮ ಡಾಕ್ಟರು ವಿವರಿಸಿದರು.

ರೋಗಿಯನ್ನು ‘ಹಿಂದೆ ಕ್ಯಾನ್ಸರ್ ಇತ್ತೇ’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅವರಿಗೇ ಅದನ್ನು ಹೇಳಿರುವುದಿಲ್ಲ. ‘ಏನಾದರೂ ಆಪರೇಷನ್ ಆಗಿತ್ತೇ, ಯಾವುದಾದರೂ ಗಡ್ಡೆ ತೆಗೆದಿದ್ದರೇ’ ಎಂದು ಕೇಳಿದರೆ ಸೆರಗು ಸರಿಸಿ ಗಾಯದ ಕಲೆ ತೋರಿಸುತ್ತಾರೆ.

ಮಲ್ಲಂದೂರಿನ ಅಕ್ಕಾ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಹೋಗುವುದಾದರೆ ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರದಲ್ಲಿಯೂ 2013ರ ವಿಷಯ ಬರೆಸಿಕೊಳ್ಳಿ. ಮುಂದಿನವರು ಮೊದಲು ಓದುವುದು ಅದನ್ನೇ.

ಮಲ್ಲಂದೂರಿನವಳು (ಗುರುವಾರ, ಸಂಜೆ 7.15)

ಇಂದು ಹೋಗಿ ಬಂದೆ. ಹಳೆಯ ವರದಿ ನೋಡಿ ಅಲ್ಲಿಯ ಪ್ಯಾಥಾಲಜಿ ವೈದ್ಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ‘ಇದನ್ನು ಮೊದಲೇ ಕೊಟ್ಟಿದ್ದರೆ’ ಎಂದರು. ಕೇಳಿದ್ದರೆ ಕೊಡುತ್ತಿದ್ದೆವು ಎಂದು ನಾನೂ ಹೇಳಿದೆ. ಇಬ್ಬರದೂ ತಪ್ಪೇ. ಶಸ್ತ್ರಚಿಕಿತ್ಸಕರು ಬೇಸರಿಸದೆ ದಾಖಲಾಗುವ ದಿನಾಂಕವನ್ನು ಮುಂದಕ್ಕೆ ಹಾಕಿದರು. ಬ್ಲಾಕು ಮತ್ತು ಸ್ಲೈಡುಗಳನ್ನು ನಮ್ಮ ಕೈಗೇ ಕೊಟ್ಟಿದ್ದಾರೆ, ಬೆಂಗಳೂರಿಗೆ ಒಯ್ಯಬೇಕು. 2013ರ ಬ್ಲಾಕು ಇದೆಯೇ ಎಂದು ಹಳೆಯ ಆಸ್ಪತ್ರೆಯಲ್ಲಿಯೂ ಕೇಳಿದ್ದೇವೆ. ಒಯ್ಯುವಾಗ ಏನು ಎಚ್ಚರ ವಹಿಸಬೇಕು?

ಸ್ಲೈಡ್‌ನೋಟ (ಗುರುವಾರ, ರಾತ್ರಿ 8.50)

ಬ್ಲಾಕು ಎಂದರೆ ಮೇಣದಲ್ಲಿ ಹೂತ ಅಂಗಾಂಶ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಟ್ಟು ಮೇಣ ಮೆತ್ತಗಾಗಿಸಿಕೊಂಡು ಬಂದವರನ್ನು ನೋಡಿದ್ದೇನೆ. ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲಿಯೇ ಒಯ್ಯಿರಿ. ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ.

ಹೊಸ ಬಯಾಪ್ಸಿ ಮಾಡಬೇಕಾಗಿ ಬಂದು ಡಬ್ಬಿಯನ್ನು ನಿಮ್ಮ ಕೈಗೇ ಕೊಟ್ಟರೆ, ಅದರಲ್ಲಿರುವುದು ಫಾರ್ಮಲಿನ್ ತಾನೇ ಎಂದು ಕೇಳಿ. ಸಲೈನಿನಲ್ಲಿ ಹಾಕಿ ಕೊಟ್ಟ ತುಣುಕು ಬಸ್ಸಿಳಿಯುವ ಹೊತ್ತಿಗೆ ಕೆಟ್ಟಿರುತ್ತದೆ. ಇಆರ್ ಪರೀಕ್ಷೆಗೆ ಅಂಗಾಂಶ ಫಾರ್ಮಲಿನ್‌ನಲ್ಲಿ 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು. ಶುಕ್ರವಾರ ಸಂಜೆ ತೆಗೆದದ್ದು ಮಂಗಳವಾರ ತಲುಪಿದರೆ ಲೆಕ್ಕ ತಪ್ಪುತ್ತದೆ.

ಅರಸೀಕೆರೆ ಮೇಷ್ಟ್ರು (ಶುಕ್ರವಾರ, ಬೆಳಿಗ್ಗೆ 6.15)

ಡಾಕ್ಟರೇ, ನಿಮ್ಮ ಉತ್ತರ ಒಪ್ಪಿದೆ. ಒಬ್ಬರಿಗೇ ಎರಡು ಬೇರೆ ಬೇರೆ ಕ್ಯಾನ್ಸರ್ ಬರಬಾರದೆಂದೇನೂ ಇಲ್ಲವಲ್ಲ?

ಸ್ಲೈಡ್‌ನೋಟ (ಶುಕ್ರವಾರ, ಮಧ್ಯಾಹ್ನ 3.00)

ಖಂಡಿತ ಬರಬಹುದು, ಅದಕ್ಕಾಗಿಯೇ ಹಳೆಯ ಕಥೆ ಸಿಕ್ಕಿತೆಂದು ಐಎಚ್‌ಸಿ ಬಿಡುವಂತಿಲ್ಲ. ನ್ಯೂಜಿಲೆಂಡಿನ ಒಂದು ಮಾವೊರಿ ಕುಟುಂಬದಲ್ಲಿ ತಲೆಮಾರುಗಳಿಂದ ಜಠರದ ಡಿಫ್ಯೂಸ್ ಕ್ಯಾನ್ಸರ್ ಬರುತ್ತಿತ್ತು. ಇ-ಕ್ಯಾಡ್‌ಹೆರಿನ್ ತಯಾರಿಸುವ ಸಿಡಿಎಚ್-1 ಜೀನಿನ ದೋಷ ಅದಕ್ಕೆ ಕಾರಣವೆಂದು 1998ರಲ್ಲಿ ಪತ್ತೆಯಾಯಿತು. ಅದೇ ದೋಷ ಇರುವ ಹೆಂಗಸರಿಗೆ ಲಾಬ್ಯುಲಾರ್ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚು. ಅಂದರೆ ನಾವು ಗೊಂದಲಕ್ಕೀಡಾಗುವ ಇವೆರಡೂ ಒಂದೇ ದೇಹದಲ್ಲಿ ಬೇರೆ ಬೇರೆಯಾಗಿ ಹುಟ್ಟಬಹುದು. ಹಾಗಾಗಿ ಮಲ್ಲಂದೂರಿನವರು ತಾಯಿಯ ಅಕ್ಕತಂಗಿಯರು, ಅಣ್ಣತಮ್ಮಂದಿರು, ಅಜ್ಜಿ ಇವರಲ್ಲಿ ಯಾರಿಗಾದರೂ ಜಠರದ ಅಥವಾ ಸ್ತನದ ಕ್ಯಾನ್ಸರ್ ಇತ್ತೇ ಎಂದೂ ಬರೆದುಕೊಂಡು ಹೋಗಬೇಕು.

ಮಲ್ಲಂದೂರಿನವಳು (ಹನ್ನೆರಡು ದಿನಗಳ ನಂತರ, ರಾತ್ರಿ 9.00)

ವರದಿ ಬಂತು. ಹಾಗೆಯೇ ಇಳಿಸುತ್ತೇನೆ: ‘ಸಿಕೆ-7 ಪಾಸಿಟಿವ್, ಸಿಕೆ-20 ನೆಗೆಟಿವ್, ಗಾಟಾ-3 ಪಾಸಿಟಿವ್, ಇಆರ್ ಬಲವಾಗಿ ಪಾಸಿಟಿವ್, ಸಿಡಿಎಕ್ಸ್-2 ನೆಗೆಟಿವ್. ಸ್ತನದ ಲಾಬ್ಯುಲಾರ್ ಕ್ಯಾನ್ಸರ್ ಜಠರಕ್ಕೆ ಹರಡಿರುವುದಕ್ಕೆ ಹೊಂದುತ್ತದೆ.’ 2013ರ ಬ್ಲಾಕೂ ಸಿಕ್ಕಿತು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರಂತೆ. ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದು ತೀರ್ಮಾನವಾಗಿದೆ. ಲೆಟ್ರೊಜೋಲ್ ಎಂಬ ಹಾರ್ಮೋನು ಮಾತ್ರೆ ದಿನಕ್ಕೊಂದು, ಜೊತೆಗೆ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆಯುವ ಪಾಲ್ಬೊಸಿಕ್ಲಿಬ್ 21 ದಿನ ನುಂಗಿ 7 ದಿನ ಬಿಡಬೇಕು, ಬಿಳಿ ರಕ್ತಕಣ ಇಳಿಯುವುದರಿಂದ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು ಎಂದರು. ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದು ಅಮ್ಮನಿಗೇ ನೇರವಾಗಿ ಹೇಳಿದರು. ‘ಹೊಟ್ಟೆ ಕೊಯ್ಯುವುದಿಲ್ಲ ತಾನೇ’ ಎಂದು ಅಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಎರಡು ಸಂದೇಹ ಉಳಿದಿವೆ. ಹರ್2 ಪರೀಕ್ಷೆಯನ್ನು ಜಠರದ ತುಣುಕಿನ ಮೇಲೆ ಮತ್ತೆ ಮಾಡಿದ್ದಾರೆ, ಈಗಲೂ ನೆಗೆಟಿವ್. 2013ರಲ್ಲೇ ನೋಡಿದ್ದನ್ನು ಪುನಃ ಏಕೆ? ಹಾಗೆಯೇ ಪೆಟ್ ಸ್ಕ್ಯಾನಿನಲ್ಲಿ ಸೊಂಟದ ಮೂಳೆಯಲ್ಲಿ ಒಂದು ಕಡೆ ಹೊಳೆಯುತ್ತಿದೆ, ಆದರೆ ಜಠರ ಅಷ್ಟಾಗಿ ಹೊಳೆಯುತ್ತಿಲ್ಲ. ಕ್ಯಾನ್ಸರ್ ಇರುವುದೇ ಅಲ್ಲಿ ಅಲ್ಲವೇ?

ಸ್ಲೈಡ್‌ನೋಟ (ಹನ್ನೆರಡು ದಿನಗಳ ನಂತರ, ರಾತ್ರಿ 10.25)

ಹರಡಿ ಬಂದ ಕ್ಯಾನ್ಸರಿನ ಗುಣ ಮೂಲದ ಗುಣಕ್ಕಿಂತ ಬದಲಾಗಿರಬಹುದು. ಇಆರ್ ಕಳೆದುಕೊಂಡಿರುವುದು, ಹರ್2 ಹೊಸದಾಗಿ ಕಾಣಿಸಿಕೊಂಡಿರುವುದು ಎರಡೂ ಆಗುತ್ತದೆ, ಔಷಧಿಯೂ ಬದಲಾಗುತ್ತದೆ. ಆದ್ದರಿಂದ ಈಗಿನ ತುಣುಕಿನ ಮೇಲೆ ಮಾಡಿದ್ದು ಸರಿಯಾಗಿದೆ.

ಪೆಟ್ ಸ್ಕ್ಯಾನ್ ನೋಡುವುದು ಕೋಶಗಳು ಸಕ್ಕರೆ ಹೀರುವ ವೇಗವನ್ನು. ಲಾಬ್ಯುಲಾರ್ ಕೋಶಗಳು ಚದುರಿಕೊಂಡು ನಿಧಾನವಾಗಿ ಬೆಳೆಯುವುದರಿಂದ ಹೆಚ್ಚು ಹೀರುವುದಿಲ್ಲ. ಜಠರದ ಗೋಡೆಯೋ ಕ್ಯಾನ್ಸರ್ ಇಲ್ಲದಿದ್ದಾಗಲೂ ತುಸು ಹೊಳೆಯುವ ಅಂಗ, ಹಾಗಾಗಿ ಇದ್ದದ್ದೂ ಅದರಲ್ಲಿ ಮುಚ್ಚಿಹೋಗುತ್ತದೆ. ಹೊಳೆಯಲಿಲ್ಲವೆಂದು ಅಲ್ಲಿ ಇಲ್ಲವೆನ್ನುವಂತಿಲ್ಲ, ಮುಂದೆ ಹೊಳೆಯದಿದ್ದರೆ ಗುಣವಾಯಿತೆಂದೂ ಅಲ್ಲ. ಔಷಧಿ ಹಿಡಿಯುತ್ತಿದೆಯೇ ಎಂದು ತಿಳಿಯಲು ಸಿಟಿ ಸ್ಕ್ಯಾನಿನಲ್ಲಿ ಗೋಡೆಯ ದಪ್ಪ, ತಿಂಗಳ ತೂಕ, ಅವಶ್ಯವಿದ್ದರೆ ಮತ್ತೊಂದು ಎಂಡೋಸ್ಕೋಪಿ ಇವನ್ನು ನೋಡುತ್ತಾರೆ. ಮನೆಯಲ್ಲಿ ನೀವು ಎಷ್ಟು ರೊಟ್ಟಿ ಹೋಯಿತೆಂದು ದಿನಾಂಕ ಹಾಕಿ ಬರೆದಿಡಿ. ಅದನ್ನು ಅವರಿಗೂ ತೋರಿಸಿ.

ಸಕಲೇಶಪುರದ ತೋಟದವ (ಹದಿಮೂರು ದಿನಗಳ ನಂತರ, ಬೆಳಿಗ್ಗೆ 7.30)

ತಂದೆಯವರಿಗೆ ಎರಡು ಬಾಟಲಿ ರಕ್ತ ಹಾಕಿಸಿ, ನಿನ್ನೆ ಹಾಸನದಲ್ಲಿ ಬಯಾಪ್ಸಿ ಆಯಿತು. ರಕ್ತ ಸೋರಿತು, ಎರಡು ಕ್ಲಿಪ್ಪು ಹಾಕಿ ನಿಲ್ಲಿಸಿದರು. ಕಿಡ್ನಿಯ ವಿಷಯವನ್ನು ಚೀಟಿಯಲ್ಲಿ ನಾನೇ ಎದುರಿಗೆ ನಿಂತು ಬರೆಸಿದೆ. ಪ್ಯಾಕ್ಸ್-8ಕ್ಕೆ ಕಳಿಸಿದ್ದಾರೆ.